ಹರವಿಯೊಳಗಿನ ಸಾಹೇಬರು

ಹಾವು ನಮ್ಮ ಮನೆಗೆ ಬರುವ ಹಿಂದಿನ ದಿನ ನಾನು ಮಾಳಿಗೆಯ ಮೇಲೆ ಕೂತು ಸಂಡಿಗೆ ಕಾಯುತ್ತಿದ್ದೆ. ಬೇಸಿಗೆಯ ಕಾಲ. ವಿಜಾಪುರದ ಜೋರಾಪುರ ಪೇಟೆಯ ಮಣ್ಣಿನ ಮಾಳಿಗೆಗಳು ಅಂಗಾಲು ಸುಡುವಷ್ಟು ಕಾಯುತ್ತಿದ್ದವು. ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು, ನಾನು ಒಂದು ಕಾಗೆಯ ಜೊತೆ ವೈರ ಸಾಧಿಸುತ್ತಿದ್ದೆ. ಕಾಗೆ ನನಗಿಂತ ಜಾಣ. ನಾನು ಈ ಕಡೆ ಓಡಿದರೆ ಅದು ಆ ಕಡೆಯಿಂದ ಸಂಡಿಗೆ ಎತ್ತುತ್ತಿತ್ತು.

ಕೆಳಗಿನಿಂದ ಅತ್ತೆ ಕೂಗಿ ಕೇಳಿದರು. “ಏನ್ ಬೇ, ಸಂಡಿಗಿ ಕಾಯಾಕತ್ತೀಯೋ, ಕಾಗಿಗೆ ಬಡಸಾಕತ್ತೀಯೋ?”

ಆ ದಿನ ನನ್ನ ಬದುಕಿನಲ್ಲಿದ್ದ ದೊಡ್ಡ ಚಿಂತೆ ಆ ಕಾಗೆ. ಅಷ್ಟು ಹಗುರಾದ ಚಿಂತೆ ಆಮೇಲೆ ಸಿಗಲಿಲ್ಲ.

ನಾನು ಟಿಕೋಟಾದ ಮಗಳು. ಅಲ್ಲಿಯ ಸಾಲಿಯಲ್ಲಿ ಮುಲ್ಕಿ, ಅಂದರೆ ಏಳನೆಯ ಇಯತ್ತೆಯ ಪರೀಕ್ಷೆ, ಪಾಸಾಗಿ, ಅರವತ್ತರ ದಶಕದ ಮೊದಮೊದಲ ವರ್ಷಗಳಲ್ಲಿ ಈ ಮನೆಗೆ ಸೊಸೆಯಾಗಿ ಬಂದೆ. ನಮ್ಮ ಮನೆಯವರದು ಸಿದ್ಧೇಶ್ವರ ಗುಡಿಯ ಹತ್ತಿರ ಕಾಳಿನ ಅಂಗಡಿ. ನನ್ನ ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಳು. ಅಪ್ಪ ಹೊಲ ನೋಡಿಕೊಂಡರೆ ಅಣ್ಣ ನನ್ನನ್ನು ನೋಡಿಕೊಂಡ. ನನ್ನ ಜಡೆ ಹೆಣೆದು ಸಾಲಿಗೆ ಕಳಿಸುತ್ತಿದ್ದವನು ಅವನೇ. ಎತ್ತಿನ ಹಗ್ಗ ಹೊಸೆದು ರೂಢಿಯಿದ್ದ ಕೈ, ಆದ್ದರಿಂದ ಜಡೆಯೂ ಹಗ್ಗದಷ್ಟೇ ಬಿಗಿಯಾಗಿರುತ್ತಿತ್ತು. ಸಾಲಿಯ ಪಟದಲ್ಲಿ ನನ್ನ ಹುಬ್ಬು ಮೇಲಕ್ಕೆ ಎಳೆದಂತಿರುವುದು ಅದಕ್ಕೇ.

ಗಂಡನ ಮನೆಗೆ ಬಂದ ಹೊಸದರಲ್ಲಿ ಪ್ಯಾಟಿಯ ಮಂದಿಯ ಎದುರು ಏನಾದರೂ ದೊಡ್ಡಸ್ತಿಕೆ ಇರಲಿ ಎಂದು, “ನಾ ಹೊಲದಾಗ ಹಾವಿನ ನಡುವ ಬೆಳದಾಕಿ” ಎಂದು ಹೇಳಿಬಿಟ್ಟಿದ್ದೆ. ನಿಜ ಹೇಳಬೇಕೆಂದರೆ ಎರೆಹುಳ ಕಂಡರೂ ನಾನು ಸೀರೆ ಎತ್ತಿಕೊಂಡು ಬದು ಹತ್ತುತ್ತಿದ್ದೆ.

ಮರುದಿನ ಮಧ್ಯಾಹ್ನ ಟಾಂಗಾ ಬಂದು ಬಾಗಿಲಿಗೆ ನಿಂತಿತು. ಅಣ್ಣ ಇಳಿದ. ಎದೆಗೆ ಒಂದು ಮಣ್ಣಿನ ಹರವಿ ಅವಚಿಕೊಂಡಿದ್ದ. ಅದರ ಬಾಯಿಗೆ ಹಳೆಯ ಧೋತರದ ತುಂಡು ಕಟ್ಟಿತ್ತು. ತುಪ್ಪ ಎಂದುಕೊಂಡೆ ನಾನು. ಹರವಿ ತುಂಬ ತುಪ್ಪ ಕಾಸುವಷ್ಟು ಎಮ್ಮೆ ನಮ್ಮ ತವರಿನಲ್ಲಿ ಎಂದೂ ಇರಲಿಲ್ಲ ಎನ್ನುವುದು ನೆನಪಾಗಲಿಲ್ಲ.

“ತುಪ್ಪ ತಂದಿಯೇನಣ್ಣಾ?” ಎಂದೆ, ಅತ್ತೆಗೂ ಕೇಳುವಷ್ಟು ದೊಡ್ಡದಾಗಿ.

“ಸಾಹೇಬ್ರನ್ನ ತಂದೇನಿ,” ಎಂದ ಅಣ್ಣ.

ಸಾಹೇಬರು ಎಂದರೆ ಅವನು ಸಾಕಿದ ಮಣ್ಣುಮುಕ್ಕ ಹಾವು. ಶೇಂಗಾ ಕೀಳುವಾಗ ಸಿಕ್ಕಿದ್ದು. ಆಳುಗಳು ಕುಡುಗೋಲು ಎತ್ತಿದಾಗ ಇವನು ಅಡ್ಡ ಹೋಗಿ, ಟವೆಲಿನಲ್ಲಿ ಸುತ್ತಿ ಮನೆಗೆ ತಂದಿದ್ದ. ವಿಷವಿಲ್ಲದ, ತೋಳಿನಷ್ಟು ಉದ್ದದ, ಕೆಮ್ಮಣ್ಣಿನ ಬಣ್ಣದ ಹಾವು. ಇಲಿ ತಿನ್ನುತ್ತದೆ, ಉಳಿದ ಹೊತ್ತು ಉಸುಕಿನಲ್ಲಿ ಹುಗಿದುಕೊಂಡು ಬಿದ್ದಿರುತ್ತದೆ. ಕೆಲಸವೇನೂ ಮಾಡದೆ ಹೊತ್ತಿಗೆ ಸರಿಯಾಗಿ ಉಣ್ಣುವುದರಿಂದ ಅದಕ್ಕೆ ಆ ಹೆಸರು. ಅದರ ಎರಡೂ ತುದಿ ಒಂದೇ ನಮೂನೆ ಮೊಂಡಾಗಿರುವುದರಿಂದ ನಮ್ಮ ಕಡೆಯ ಮಂದಿ ಅದಕ್ಕೆ ಎರಡು ತಲೆ ಎಂದು ನಂಬುತ್ತಾರೆ. ನಾನು ಮುಲ್ಕಿ ಪಾಸಾದವಳು, ಹಾವಿಗೆ ಒಂದೇ ತಲೆ ಎಂದು ನನಗೆ ಗೊತ್ತಿತ್ತು. ಅದು ಯಾವ ತುದಿ ಎನ್ನುವುದರಲ್ಲಿ ಮಾತ್ರ ತಪ್ಪಿದೆ.

ಅಣ್ಣ ಸೊಲ್ಲಾಪುರದ ದವಾಖಾನೆಗೆ ಹೊರಟಿದ್ದ. “ಹೊಟ್ಟ್ಯಾಗ ಒಂದ್ ಗಂಟ ಆಗೇತಂತ. ತಗದ ಕಳಸ್ತಾರಂತ. ಗಾಡಿಗೆ ಇನ್ನಾ ಹೊತ್ತೈತಿ, ಒಂದೀಟ ಮಜ್ಜಿಗಿ ಕೊಡ,” ಎಂದ. ಮಜ್ಜಿಗೆಗೂ ಗಂಟಿಗೂ ಅವನ ದನಿಯಲ್ಲಿ ವ್ಯತ್ಯಾಸವಿರಲಿಲ್ಲ. ಹಾವನ್ನು ಅಪ್ಪನ ಹತ್ತಿರ ಬಿಡುವಂತಿರಲಿಲ್ಲ. ಅಪ್ಪನಿಗೆ ಹಾವು ಎಂದರೆ ಕೋಲು ನೆನಪಾಗುತ್ತಿತ್ತು.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಅವರ ತವರು ಬಬಲೇಶ್ವರ. ಜಗತ್ತಿನಲ್ಲಿ ಆಗಬೇಕಾದದ್ದೆಲ್ಲ ಅಲ್ಲಿ ಒಮ್ಮೆ ಆಗಿಯೇ ಇರುತ್ತಿತ್ತು. “ಮಣ್ಣಮುಕ್ಕ ನೆಕ್ಕಿದ್ರ ಮೈಮ್ಯಾಲ ತೊನ್ನ ಏಳ್ತಾವ. ನಮ್ಮ ಬಬಲೇಶ್ವರದಾಗ ಒಬ್ಬಾಂವಗ ಎದ್ದಾವ.”

“ನನ್ನ ನೋಡ್ರಿ ಯವ್ವಾರ,” ಎಂದ ಅಣ್ಣ. “ವರ್ಷಗಟ್ಲೆ ಹಿಡದ ಆಡಿಸೇನಿ. ಹಲ್ಲೊಂದ ಬಿಟ್ರ ಮೈಮ್ಯಾಗ ಎಲ್ಲೆರ ಬಿಳಿದ ಐತೇನು?”

ಅತ್ತೆಗೆ ನಗು ಬಂತು. ನಕ್ಕಮೇಲೆ ಬಿಗುಮಾನ ಹಿಡಿಯುವುದು ಕಷ್ಟ. “ಒಳಗ ಬ್ಯಾಡ. ಕಟಗಿ ಖೋಲ್ಯಾಗ ಇಡು. ನೀ ಬರೂತನಕ ಅಷ್ಟ,” ಎಂದರು.

ಹಾವಿನ ನಡುವೆ ಬೆಳೆದವಳು ಎಂದು ಹೇಳಿಕೊಂಡವಳು ಬೇಡ ಎನ್ನುವಂತಿರಲಿಲ್ಲ. ಅಣ್ಣ ಕಟ್ಟಿಗೆ ಕೋಣೆಯಲ್ಲಿ ಹರವಿ ಇಟ್ಟು, ಹೇಗೆ ಹಿಡಿಯಬೇಕು, ಹೇಗೆ ಹಿಡಿಯಬಾರದು ಎಂದು ಏನೇನೋ ಹೇಳಿದ. ನಾನು ಬಾಗಿಲ ಹಿಂದೆ ನಿಂತು ಕಣ್ಣು ಮುಚ್ಚಿಕೊಂಡು ಎಲ್ಲದಕ್ಕೂ “ಹೂಂ” ಎಂದೆ. ಒಂದು ಮಾತೂ ಕಿವಿಗೆ ಹೋಗಲಿಲ್ಲ. ಹೋಗುವಾಗ, “ಜ್ವಾಕಿ,” ಎಂದ. ಹಾವಿಗೆ ಹೇಳಿದನೋ ನನಗೆ ಹೇಳಿದನೋ ಗೊತ್ತಿಲ್ಲ.

ಅಂಗಡಿಯ ಬೋನಿನಲ್ಲಿ ಬಿದ್ದ ಇಲಿಯನ್ನು ನಮ್ಮ ಮನೆಯವರು ತಂದುಕೊಡುತ್ತಿದ್ದರು. ನಾನು ಬಟ್ಟೆ ಸಡಿಲಿಸಿ, ಮುಖ ಆಚೆ ತಿರುಗಿಸಿ, ಬೋನನ್ನು ಹರವಿಯ ಬಾಯಿಗೆ ಬಗ್ಗಿಸಿ, ಮತ್ತೆ ಬಟ್ಟೆ ಕಟ್ಟಿ ಅಡುಗೆಮನೆಗೆ ಓಡುತ್ತಿದ್ದೆ. ಸಾಹೇಬರು ಹೇಗೆ ಉಣ್ಣುತ್ತಾರೆ, ಯಾವ ತುದಿಯಿಂದ ಉಣ್ಣುತ್ತಾರೆ ಎಂದು ನೋಡಲಿಲ್ಲ.

ಸೊಲ್ಲಾಪುರದಿಂದ ಸುದ್ದಿ ಬರುವುದು ತಡವಾಗತೊಡಗಿತು. ಆಗ ನಾನು ಮನಸ್ಸಿನಲ್ಲಿ ಒಂದು ಗಂಟು ಹಾಕಿಕೊಂಡೆ. ಹಾವು ಚೆನ್ನಾಗಿದ್ದರೆ ಅಣ್ಣ ಚೆನ್ನಾಗಿ ಬರುತ್ತಾನೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮುಲ್ಕಿಯ ಮರ್ಯಾದೆ ಹೋಗುತ್ತಿತ್ತು. ಆದರೆ ಅಂದಿನಿಂದ ಹಾವನ್ನು ನೋಡದೆ ಇರಲು ಆಗಲಿಲ್ಲ.

ಒಂದು ಬೆಳಿಗ್ಗೆ ಧೈರ್ಯ ಮಾಡಿ ಬಟ್ಟೆ ತೆಗೆದು ಬಗ್ಗಿದೆ. ಉಸುಕಿನ ಮೇಲೆ ಬಿದ್ದಿದ್ದ ಹಾವು ನನ್ನನ್ನು ಕಂಡೊಡನೆ ಮೈಯೆಲ್ಲ ಒಂದೆಡೆ ಎಳೆದುಕೊಂಡು ಉಂಡೆಯಾಯಿತು. ಉಂಡೆಯೊಳಗಿಂದ ತಲೆ ಮೇಲೆತ್ತಿ, ಮೆಲ್ಲಗೆ ಆ ಕಡೆ ಈ ಕಡೆ ತೂಗಿತು. ನನಗೆ ಅಂತಃಕರಣ ಉಕ್ಕಿಬಂತು. ಮೂಕಪ್ರಾಣಿ, ಯಜಮಾನ ಊರಲ್ಲಿಲ್ಲ, ಅನ್ನ ಹಾಕುವವಳ ಗುರುತು ಹಿಡಿದಿದೆ. ಅಂದಿನಿಂದ ದಿನವೂ ಹೋಗಿ, “ಆರಾಮ್ರೀ ಸಾಹೇಬ್ರ? ಊಟ ಆತ್ರಿ?” ಎಂದು ಮಾತಾಡಿಸುತ್ತಿದ್ದೆ. ದಿನವೂ ಅವರು ಉಂಡೆಯಾಗಿ ತಲೆಯೆತ್ತಿ ತೂಗುತ್ತಿದ್ದರು.

ನಮ್ಮ ಮನೆಯವರಿಗೆ ಹೇಳಿದೆ. “ನನ್ನ ಕಂಡ್ರ ಎದ್ದ ನಿಂದ್ರತೈತ್ರಿ.”

“ಈ ಮನ್ಯಾಗ ನನ್ನ ಕಂಡ್ರ ಎದ್ದ ನಿಂದ್ರೂ ಜೀವ ಒಂದೂ ಇಲ್ಲ,” ಎಂದರು ಅವರು. “ನಿನಗರ ಸಿಕ್ಕತಲ್ಲ.”

ಶ್ರಾವಣ ಬಂತು. ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವುದು ನಮ್ಮಲ್ಲಿಯ ರೂಢಿ. ಆ ವರ್ಷ ನನ್ನ ಅಣ್ಣ ಇನ್ನೂ ಸೊಲ್ಲಾಪುರದಲ್ಲೇ ಇದ್ದ. ನಾನು ಬಾಗಿಲಲ್ಲಿ ನಿಂತಿದ್ದಾಗ ಬಂದವರು ಓಣಿಯ ಹೆಂಗಸರು, ಕೈಯಲ್ಲಿ ಹಾಲಿನ ತಂಬಿಗೆ, ಕೊಬ್ಬರಿ ಬಟ್ಟಲು ಹಿಡಿದು. ಪ್ರತಿ ವರ್ಷ ಮಣ್ಣಿನ ನಾಗಪ್ಪನಿಗೆ ಹಾಲೆರೆಯುತ್ತಿದ್ದವರು. ಈ ಮನೆಯಲ್ಲಿ ಜೀವಂತ ನಾಗಪ್ಪನೇ ಇದ್ದಾನೆ, ಸೊಸೆ ಕರೆದರೆ ತಲೆಯೆತ್ತುತ್ತಾನೆ ಎಂಬ ಸುದ್ದಿ ಓಣಿಯ ತುಂಬ ಹಬ್ಬಿತ್ತು. ಹಬ್ಬಿಸಿದವಳು ನಾನೇ.

ಹರವಿಯನ್ನು ಅಂಗಳಕ್ಕೆ ತರಿಸಿದೆ. ಬಟ್ಟೆ ತೆಗೆದೆ. ಅಷ್ಟು ಮುಖಗಳು ಒಮ್ಮೆಗೇ ಬಗ್ಗಿದ್ದು ಕಂಡು ಸಾಹೇಬರು ಎಂದಿಗಿಂತ ಬಿಗಿಯಾಗಿ ಉಂಡೆಯಾದರು, ಎಂದಿಗಿಂತ ಎತ್ತರಕ್ಕೆ ತಲೆಯೆತ್ತಿದರು.

“ನೋಡ್ ಬೇ, ಹೆಂಗ ತೂಗಾಕತ್ತಾನ.”

“ಹಸದಾನ, ಪಾಪ. ಎರಿ, ಎರಿ.”

ಅವ್ವನ ಪಾಲು, ಅಪ್ಪನ ಪಾಲು, ಅಣ್ಣನ ಪಾಲು ಎನ್ನುತ್ತ ಒಬ್ಬೊಬ್ಬರಾಗಿ ಕೊಬ್ಬರಿ ಬಟ್ಟಲಿನಿಂದ ಆ ತಲೆಯ ಮೇಲೆ ಹಾಲು ಬಿಟ್ಟರು. ಹಾಲು ಬಿದ್ದಷ್ಟೂ ಅದು ಅದುರಿತು. ಕುಡಿಯಾಕತ್ತಾನ ಎಂದರು. ಅತ್ತೆ ತೊನ್ನಿನ ಮಾತು ಮರೆತು ಮುಂದೆ ಬಂದು ತಮ್ಮ ಬಬಲೇಶ್ವರದ ಅಣ್ಣತಮ್ಮಂದಿರಿಗೆಲ್ಲ ಪಾಲು ಎರೆದರು. ಎಲ್ಲರಿಗಿಂತ ಹೆಚ್ಚು ಎರೆದವಳು ನಾನು. ಅಣ್ಣನ ಪಾಲು ಎಂದು ಒಮ್ಮೆ ಎರೆದರೆ ಸಮಾಧಾನವಾಗಲಿಲ್ಲ. ತಂಬಿಗೆ ಬರಿದಾಗುವವರೆಗೆ ಅಣ್ಣನ ಪಾಲೇ ಎರೆದೆ.

ಉಸುಕೆಲ್ಲ ಹಾಲು ಕುಡಿಯಿತು. ಎರಡು ದಿನಕ್ಕೆ ಕಟ್ಟಿಗೆ ಕೋಣೆ ಹುಳಿ ನಾತ ಹೊಡೆಯಿತು, ಇರುವೆ ಸಾಲು ಹರವಿಯೊಳಗೆ ಇಳಿಯಿತು. ಹಾವು ಇಲಿಯನ್ನು ಮುಟ್ಟಲಿಲ್ಲ. ಮೈ ಬಣ್ಣ ಮಾಸಿತು. ಮಾತಾಡಿಸಿದರೆ ಉಂಡೆಯಾಗುವ ಶಕ್ತಿಯೂ ಇಲ್ಲದಂತೆ ಬಿದ್ದಿತ್ತು. ಮನಸ್ಸಿನಲ್ಲಿ ಹಾಕಿಕೊಂಡಿದ್ದ ಗಂಟು ಬಿಗಿಯಾಯಿತು. ಒಲೆಯ ಮುಂದೆ ಕೂತು ಅಳತೊಡಗಿದೆ. ಹಾವಿಗಾಗಿ ಅಳುವ ಸೊಸೆಯನ್ನು ಬಬಲೇಶ್ವರದಲ್ಲೂ ನೋಡಿರದ ಅತ್ತೆ ಮಗನನ್ನು ಅಂಗಡಿಯಿಂದ ಕರೆಸಿದರು.

ನಮ್ಮ ಮನೆಯವರು ಸ್ಟೇಷನ್ ರಸ್ತೆಯಲ್ಲಿ ಮನೆ ಕಟ್ಟಿಸುತ್ತಿದ್ದವರಿಂದ ಒಂದು ಪುಟ್ಟಿ ಒಣ ಉಸುಕು ತಂದರು. ಈಗ ಹಾವನ್ನು ಎತ್ತುವವರು ಯಾರು? ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕೊನೆಗೆ ಹರವಿಯನ್ನು ಅಂಗಳದಲ್ಲಿ ಅಡ್ಡ ಉರುಳಿಸಿ ಕಟ್ಟೆ ಹತ್ತಿ ನಿಂತೆವು. ಸಾಹೇಬರು ಹೊರಗೆ ಬಂದರು, ತುಸು ಹೊತ್ತು ಸುಮ್ಮನಿದ್ದರು, ಆಮೇಲೆ ನಾನು ಬಾಲ ಎಂದು ತಿಳಿದಿದ್ದ ತುದಿಯನ್ನು ಮುಂದೆ ಮಾಡಿ ಬಚ್ಚಲ ಕಡೆ ಹೊರಟರು.

“ಹಿಂದಕ ನಡಿಯಾಕತ್ತೈತಿ,” ಎಂದೆ ನಾನು. “ಅಶಕ್ತ ಆಗೇತಿ, ಮುಂದ ನಡಿಯಾಕ ಆಗವಲ್ದು.”

“ನಮ್ಮ ಬಬಲೇಶ್ವರದಾಗ ಯಾವ ಹಾವೂ ಹಿಂಗ ಹಿಂದಕ ನಡಿಯೂದಿಲ್ಲ,” ಎಂದರು ಅತ್ತೆ.

ನಮ್ಮ ಮನೆಯವರು ಮೊರದಿಂದ ತಳ್ಳಿ, ಬುಟ್ಟಿಯಲ್ಲಿ ಹಿಡಿದು, ಹೊಸ ಉಸುಕಿಗೆ ಬಿಟ್ಟರು. ಅಷ್ಟು ಆಗುವುದರಲ್ಲಿ ಅವರ ಅಂಗಿ ಬೆವರಿನಿಂದ ತೊಯ್ದಿತ್ತು. ನಾಲ್ಕಾರು ದಿನ ಬಿಟ್ಟು ಹಾವು ಇಲಿ ತಿಂದಿತು. ನಾನು ಆ ದಿನ ಹುಗ್ಗಿ ಮಾಡಿದೆ.

ಅಣ್ಣ ಬಂದದ್ದು ದಸರೆಯ ಮಾನವಮಿಯ ಹೊತ್ತಿಗೆ. ಆಪರೇಶನ್ ಆಗಿತ್ತು, ತುಸು ದಿನ ಬಿಟ್ಟು ಮತ್ತೆ ತೋರಿಸಲು ಹೋಗಬೇಕಿತ್ತು. ಅಷ್ಟು ದಿನ ನಮ್ಮಲ್ಲೇ ಇರಲಿ ಎಂದು ಅತ್ತೆಯೇ ಹೇಳಿದರು. ಟಾಂಗಾದಿಂದ ಅವನನ್ನು ಇಳಿಸಿಕೊಂಡಾಗ ಅವನ ತೋಳು ನನ್ನ ಒಂದೇ ಮುಷ್ಟಿಯೊಳಗೆ ಹಿಡಿಯಿತು. “ಹೆಂಗದಿ ಅಣ್ಣಾ?” ಎಂದೆ. ದೊಡ್ಡದಾಗಿ ನಕ್ಕು, “ಹಗರ ಆಗೇನಿ, ಟಾಂಗಾದಾಂವ ಕುದರಿಗೆ ಶ್ರಮ ಇಲ್ಲಂತ ಖುಷಿ ಆದ,” ಎಂದ. ನಾನೂ ನಕ್ಕೆ. ಅಣ್ಣ ನಗುತ್ತಿದ್ದಾನೆ, ಅಂದರೆ ಗುಣವಾಗಿದ್ದಾನೆ ಎಂದುಕೊಂಡೆ. ಬಾಲವನ್ನು ತಲೆ ಎಂದು ತಿಳಿದವಳಿಗೆ ಅದು ಹಾಗೆ ಕಂಡದ್ದರಲ್ಲಿ ವಿಶೇಷವಿಲ್ಲ.

ಚಹಾ ಕುಡಿದು ಮೊದಲು ಕೇಳಿದ್ದು ಸಾಹೇಬರನ್ನು. ನಾನು ಮೆರವಣಿಗೆಯಂತೆ ಅವನನ್ನು ಕಟ್ಟಿಗೆ ಕೋಣೆಗೆ ಕರೆದುಕೊಂಡು ಹೋದೆ. ಬಟ್ಟೆ ತೆಗೆದು, ಮೇಲಿನಿಂದ ಕೈ ಚಾಚಿ, “ಸಾಹೇಬ್ರ, ಯಾರ ಬಂದಾರ ನೋಡ್ರಿ,” ಎಂದೆ. ಹಾವು ಉಂಡೆಯಾಯಿತು, ತಲೆಯೆತ್ತಿ ತೂಗಿತು.

“ನೋಡಿದಿ? ನನ್ನ ಗುರ್ತ ಹಿಡಿತೈತಿ.”

ಅಣ್ಣ ಹಾವನ್ನು ನೋಡಿದ, ನನ್ನನ್ನು ನೋಡಿದ. “ದಿನಾ ಹಿಂಗ ಮಾಡ್ತೈತೇನು?”

“ದಿನಾ. ನಾ ಬಂದ ಮಾತಾಡ್ಸೂದ ತಡ.”

“ಯಾವ ತುದಿಗಿ ಮಾತಾಡ್ಸ್ತಿ ನೀ?”

“ತಲಿಗಿ. ಬಾಲಕ್ಕ ಯಾರರ ಮಾತಾಡ್ಸ್ತಾರೇನು?”

ಅಣ್ಣ ಗೋಡೆಗೆ ಆತು ಕೂತುಬಿಟ್ಟ. ಹೊಲಿಗೆಯ ಮೇಲೆ ಎರಡೂ ಕೈ ಒತ್ತಿಕೊಂಡು ನಕ್ಕ. “ಸಾಕ ಬೇ, ಹೊಲಿಗಿ ಬಿಚ್ಚತಾವ,” ಎಂದು ನಕ್ಕ. ಏನಾಯಿತೆಂದು ಅತ್ತೆ ಓಡಿ ಬಂದರು.

“ಅದ ಬಾಲ ಲೇ, ಹುಚ್ಚಿ,” ಎಂದ ಕೊನೆಗೆ. “ತಲಿ ಕೆಳಗ ಐತಿ, ಉಂಡ್ಯಾಗ ಮುಚ್ಚಿಟಗೊಂಡೈತಿ. ಅಂಜಿಕಿ ಆದಾಗ ಬಾಲ ಎತ್ತಿ ತೋರಸ್ತೈತಿ. ಕಡಿಯೂದಿದ್ರ ಇದನ್ನ ಕಡಿ ಅಂತ. ಬಾಲ ಹೋದ್ರೂ ಜೀವ ಉಳಿತೈತಲ್ಲ.”

ಬೇಸಿಗೆಯಿಂದ ಮಾನವಮಿಯವರೆಗೆ ನಾನು ದಿನವೂ ಹೋಗಿ ಅದನ್ನು ಅಂಜಿಸಿ, ಊಟವಾಯಿತೇ ಎಂದು ಅದರ ಬಾಲವನ್ನು ಕೇಳಿಬಂದಿದ್ದೆ.

ಅತ್ತೆ ನಿಂತಲ್ಲೇ ಯೋಚಿಸುತ್ತಿದ್ದರು. “ಹಂಗಂದ್ರ, ಪಂಚಮಿ ದಿನಾ ನಾವು ಹಾಲ ಎರದದ್ದು?”

“ಹಾಲ ಎರದ್ರೇನ್ರಿ ಯವ್ವಾರ?” ಅಣ್ಣ ಮತ್ತೆ ಹೊಲಿಗೆ ಹಿಡಿದುಕೊಂಡ. “ಹಿಂದಿನ ಬಾಗಲಕ್ಕ ಎರದೀರಿ.”

“ಓಣ್ಯಾಗ ಯಾರ ಮುಂದೂ ಹೇಳಬ್ಯಾಡ್ರಿ,” ಎಂದರು ಅತ್ತೆ.

ಅಣ್ಣ ನಮ್ಮಲ್ಲಿದ್ದಷ್ಟು ದಿನ ಊಟವಾದ ಮೇಲೆ ಕಟ್ಟಿಗೆ ಕೋಣೆಯಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದ, ನನ್ನನ್ನೂ ಕೂರಿಸಿಕೊಳ್ಳುತ್ತಿದ್ದ. ಈ ಸಲ ನಾನು ಕಣ್ಣು ತೆರೆದು ಕೇಳಿದೆ.

“ಮ್ಯಾಲಿಂದ ಕೈ ಇಳಿಸಬ್ಯಾಡ. ಹದ್ದ ಬಂತಂತ ತಿಳಕೋತೈತಿ. ಬಾಜೂಕ ಇಡು, ಉಸುಕಿನ ಮ್ಯಾಲ. ಹಿಡಿಯಾಕ ಹೋಗಬ್ಯಾಡ. ಕೈ ಅಲ್ಲೇ ಬಿದ್ದಿರ್ಲಿ, ಅದು ಮರಿಲಿ.”

“ಕಡದ್ರ?”

“ಕಡಿಯೂದ ಕಡೀಕ. ಅದಕ್ಕೂ ಮೊದಲ ಭಾಳ ಹೇಳ್ತೈತಿ. ಮೈ ಗಟ್ಟಿ ಮಾಡ್ತೈತಿ. ಉಸರ ದೊಡ್ಡದ ಬಿಡ್ತೈತಿ. ಝಟಕ್ನ ಸರಿತೈತಿ. ಆಮ್ಯಾಲ ಉಂಡಿ. ನೀ ಉಂಡಿ ಆದಮ್ಯಾಲ ನೋಡ್ತಿ.”

ತನ್ನ ಕೈಯನ್ನು ಉಸುಕಿನ ಮೇಲೆ ಇಟ್ಟು ಸುಮ್ಮನೆ ಕೂರುತ್ತಿದ್ದ. ಸ್ವಲ್ಪ ಹೊತ್ತಿಗೆ ಉಸುಕು ಅಲುಗಿ, ಸಣ್ಣ ಕಣ್ಣಿನ ನಿಜವಾದ ತಲೆ ಹೊರಗೆ ಬರುತ್ತಿತ್ತು. ನಾಲಿಗೆಯಿಂದ ಅವನ ಬೆರಳು ಮುಟ್ಟಿ ನೋಡಿ, ಅಂಗೈ ಹತ್ತಿ, ಮೊಣಕೈವರೆಗೆ ಹೋಗಿ ಸಡಿಲವಾಗಿ ಮಲಗುತ್ತಿತ್ತು. ನಾನು ಇಟ್ಟರೆ ಬಾಲ ಏಳುತ್ತಿತ್ತು. “ನಿನ್ನ ಕೈಯಾಗ ಇನ್ನಾ ಅಂಜಿಕಿ ಐತಿ,” ಎನ್ನುತ್ತಿದ್ದ. “ನಿನ್ನ ಅಂಜಿಕಿ ಅದಕ್ಕ ತಿಳಿತೈತಿ.”

ಮತ್ತೆ ಸೊಲ್ಲಾಪುರಕ್ಕೆ ಹೊರಟ ದಿನ ಟಾಂಗಾ ಹತ್ತುವ ಮುಂಚೆ ಹೇಳಿದ. “ನಾ ಬರೂದ್ರಾಗ ಅದು ತಾನ ಬಂದ ನಿನ್ನ ಕೈ ಹತ್ತಿರಬೇಕು. ತಲಿ ಮುಂದ ಮಾಡಿ. ಬಂದ ಕೂಡ್ಲೆ ಕೇಳ್ತೇನಿ.”

ನಾನು ಹಟ ಹಿಡಿದೆ. ಮಧ್ಯಾಹ್ನದ ಕೆಲಸ ಮುಗಿಸಿ, ಬಳೆ ತೆಗೆದಿಟ್ಟು, ಉಸುಕಿನ ಮೇಲೆ ಕೈ ಇಟ್ಟು ಕೂರುತ್ತಿದ್ದೆ. ಕೈ ಜೋಮು ಹಿಡಿಯುತ್ತಿತ್ತು. ಮೂಗು ತುರಿಸುತ್ತಿತ್ತು. ಅತ್ತೆ ಇಣುಕಿ, “ಕೈ ಬಿತ್ತೀಯೇನ್ ಬೇ? ಯಾವಾಗ ಮೊಳಕಿ ಬರ್ತೈತಿ?” ಎನ್ನುತ್ತಿದ್ದರು. ಹಾವು ಮೈ ಗಟ್ಟಿ ಮಾಡುವುದು ನನಗೆ ತಿಳಿಯತೊಡಗಿತು. ಉಸಿರು ದೊಡ್ಡದಾದರೆ ಮೆಲ್ಲಗೆ ಕೈ ತೆಗೆಯುತ್ತಿದ್ದೆ. ಉಂಡೆಯಾಗುವುದು ಕಡಿಮೆಯಾಯಿತು. ಒಮ್ಮೆ ತಲೆ ಕೂಡ ಹೊರಗೆ ಬಂತು, ನನ್ನ ಕಿರುಬೆರಳ ಹತ್ತಿರ ಬಂದು ನಿಂತು ಹಿಂದಿರುಗಿತು. ಅಣ್ಣ ಬರುವಷ್ಟರಲ್ಲಿ ಆಗುತ್ತದೆ ಎನಿಸಿತು.

ಒಂದು ದಿನ ನಮ್ಮ ಮನೆಯವರು ಅಂಗಡಿಯ ಹೊತ್ತಿನಲ್ಲಿ ಮನೆಗೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಡದೆ ನಿಂತರು. ಸೊಲ್ಲಾಪುರದಿಂದ ಅಣ್ಣನನ್ನು ಊರಿಗೆ ತಂದರು. ನಾವು ಟಿಕೋಟಾಕ್ಕೆ ಹೋದೆವು. ಆ ದಿನಗಳ ಬಗ್ಗೆ ನನಗೆ ಬರೆಯಲು ಬರುವುದಿಲ್ಲ.

ಎಲ್ಲ ಮುಗಿಸಿ ಜೋರಾಪುರ ಪೇಟೆಗೆ ಮರಳಿದಾಗ ನನಗೆ ಹರವಿಯ ನೆನಪಾಯಿತು. ಇಷ್ಟು ದಿನ ನೀರಿಲ್ಲ, ಇಲಿಯಿಲ್ಲ, ಸತ್ತಿರಬೇಕು ಎಂದು ಹೋಗಿ ನೋಡಿದರೆ ಹರವಿಯೊಳಗಿನ ನೀರಿನ ಬಟ್ಟಲು ತುಂಬಿತ್ತು. ಹಾವು ಇಲಿ ನುಂಗಿ ನಡುವೆ ಉಬ್ಬಿಕೊಂಡು ಮಲಗಿತ್ತು. ನನಗಿಂತ ಮೊದಲೇ ಮರಳಿದ್ದ ಅತ್ತೆಯ ಕಡೆ ನೋಡಿದೆ.

“ನಾ ಏನೂ ಹಾಕಿಲ್ಲವಾ,” ಎಂದರು ಅವರು. “ಬೋನ ತಾನ ನಡಕೋತ ಹೋಗಿ ಹರವ್ಯಾಗ ಬಿತ್ತು.” ಆಮೇಲೆ ನನ್ನ ಪಕ್ಕದಲ್ಲಿ ಕೂತರು.

ನಾನು ಹಾಕಿಕೊಂಡ ಗಂಟು ಸುಳ್ಳಾಗಿತ್ತು. ಹಾವು ಚೆನ್ನಾಗಿತ್ತು. ಹಾಗಿದ್ದರೂ ಮಧ್ಯಾಹ್ನ ಹೋಗಿ ಕೂರುವುದನ್ನು ಬಿಡಲಿಲ್ಲ. ಈಗ ಹಟವೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಕಡಿದರೆ ಕಡಿಯಲಿ ಎನ್ನುವಂತೆ ಕೈ ಉಸುಕಿನ ಮೇಲೆ ಬಿದ್ದಿರುತ್ತಿತ್ತು. ಚಳಿಗಾಲದ ಒಂದು ಮಧ್ಯಾಹ್ನ ಉಸುಕು ಅಲುಗಿತು. ತಲೆ ಹೊರಗೆ ಬಂತು. ನಾಲಿಗೆ ನನ್ನ ಬೆರಳು ಮುಟ್ಟಿತು. ಅಂಗೈ ಹತ್ತಿ, ಬಳೆಯಿಲ್ಲದ ಮಣಿಕಟ್ಟು ದಾಟಿ, ತೋಳಿನ ಮೇಲೆ ಸಡಿಲವಾಗಿ ಮಲಗಿತು. ಅದಕ್ಕೆ ಇಷ್ಟು ತೂಕವಿದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಅಲುಗಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ತಮ್ಮ ಬಬಲೇಶ್ವರದಲ್ಲೂ ಹಿಂದೆ ಹೀಗಾಗಿತ್ತು ಎಂದು ಈ ಸಲ ಹೇಳಲಿಲ್ಲ.

ಮರುವರ್ಷ ನಾನು ಬಸುರಿಯಾದೆ. ಬಸುರಿಯ ಮನೆಯಲ್ಲಿ ಹಾವು ಬೇಡವೆಂದು ಅದನ್ನು ಬಬಲೇಶ್ವರದಲ್ಲಿ ಅತ್ತೆಯ ತವರಿನವರ ಹೊಲದ ಹತ್ತಿರ, ಹಳ್ಳದ ಉಸುಕಿನಲ್ಲಿ ಬಿಟ್ಟುಬಂದೆವು. ಅದು ತಲೆ ಮುಂದೆ ಮಾಡಿಯೇ ಹೋಯಿತು. ನಮ್ಮ ಮನೆಯವರು ಹೊಸ ಇಲಿ ಬೋನು ತಂದರು. ಮಕ್ಕಳಾದವು, ಮೊಮ್ಮಕ್ಕಳಾದವು. ಬಾಲ ಮಾತಾಡಿಸಿದ ಕತೆ ಎಲ್ಲರಿಗೂ ಹೇಳಿದ್ದೇನೆ, ಎಲ್ಲರೂ ನಕ್ಕಿದ್ದಾರೆ.

ಹಾವು ಕೈ ಹತ್ತಿದ್ದನ್ನು ಬಂದ ಕೂಡಲೇ ಕೇಳುತ್ತೇನೆ ಎಂದವನು ಕೇಳಿಲ್ಲ. ಅಣ್ಣ ಇಲ್ಲ.